ಫರಸಿ ಮೇಲೆ ಪದ್ಯ: ಶಹಾಬಾದ್ ರಸ್ತೆಯ ಕೆತ್ತನೆ ಅಂಗಡಿ ಹೇಗಿದೆ?

ಕಲಬುರಗಿಯಿಂದ ಶಹಾಬಾದ್ ಕಡೆ ಹೊರಟರೆ ಸಿಗುವ ಕಲ್ಲಿನ ಅಂಗಡಿಗಳಲ್ಲಿ ಹೆಚ್ಚಿನವು ಮಾರುವುದು ನೆಲಕ್ಕೆ ಹಾಸುವ ಫರಸಿ ಕಲ್ಲು, ತುಳಸಿಕಟ್ಟೆ, ಒಗೆಯುವ ಕಲ್ಲು. ಅಕ್ಷರ ಕೆತ್ತಿ ಕೊಡುವವರು ಕಡಿಮೆ. ಅಂಥ ಒಂದು ಅಂಗಡಿಯ ಒಂದೇ ಕೆಲಸದ ವಿಮರ್ಶೆ ಇದು: ತೀರಿಕೊಂಡ ಹಿರೀಕರ ಹೆಸರಿನ ಕಲ್ಲು, ಅದರ ಮೇಲೊಂದು ಪದ್ಯ. ಅಂಗಡಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇಲ್ಲಿನ ದೂರುಗಳು ಈ ಕಸುಬಿನ ಬೇರೆ ಅಂಗಡಿಗಳಿಗೂ ಅಷ್ಟೇ ಸಲ್ಲುತ್ತವೆ.

ಅವಸರದಲ್ಲಿರುವವರಿಗೆ ಅಂಕಪಟ್ಟಿ ಮೊದಲೇ ಇರಲಿ. ಕಲ್ಲಿನ ಕೆಲಸಕ್ಕೆ ಪೂರ್ತಿ ಅಂಕ. ಅಕ್ಷರ ಜೋಡಣೆಗೆ ಅರ್ಧ. ಪದ್ಯದ ಆಯ್ಕೆಗೆ ಸೊನ್ನೆ. ಆ ಸೊನ್ನೆಯನ್ನು ತುಂಬುವುದು ಗಿರಾಕಿಯ ಕೈಯಲ್ಲೇ ಇದೆ, ಹಾಗಾಗಿ ಅದರಿಂದಲೇ ಶುರು ಮಾಡೋಣ.

ಕೌಂಟರಿನ ಮೇಲೆ ಒಂದು ಆಲ್ಬಮ್ ಇಟ್ಟಿದ್ದಾರೆ. ಪ್ಲಾಸ್ಟಿಕ್ ಹಾಳೆಯೊಳಗೆ ನಂಬರ್ ಹಾಕಿದ ಸ್ಮರಣೆ ಪದ್ಯಗಳು. "ಹದಿನಾಲ್ಕನೇದು ಕೊಡ್ರಿ" ಅಂದರೆ ಮುಗಿಯಿತು, ಮುಂದಿನ ವಾರ ಕಲ್ಲು ತಯಾರು. ಎಲ್ಲ ಒಂದೇ ಎರಕ: ಅಗಲಿದ ಚೇತನ, ಆರದ ಜ್ಯೋತಿ, ಕೊನೆಗೆ ದುಃಖತಪ್ತ ಕುಟುಂಬ ವರ್ಗ. ಪೇಪರಿನ ಶ್ರದ್ಧಾಂಜಲಿ ಜಾಹೀರಾತಿಗೆ ಇದು ನಡೆದೀತು, ಅದರ ಆಯುಷ್ಯ ಒಂದು ದಿನ. ಕಲ್ಲಿಗೆ ಹೊಂದುವುದಿಲ್ಲ. ತೀರಿಕೊಂಡವರು ಒಕ್ಕಲುತನ ಮಾಡಿದರೋ ಮಾಸ್ತರಕಿ ಮಾಡಿದರೋ, ಯಾವ ಹಳ್ಳದ ನೀರು ಕುಡಿದರೋ ಒಂದೂ ಗೊತ್ತಾಗುವುದಿಲ್ಲ. ಹೆಸರೊಂದು ಬದಲಿಸಿದರೆ ಪಕ್ಕದ ಸಮಾಧಿಗೂ ಸಲ್ಲುತ್ತದೆ. ಪದ್ಯ ಸರಿಯಾಗಿದೆಯೋ ಇಲ್ಲವೋ ನೋಡಲು ಸುಲಭ ದಾರಿ ಒಂದಿದೆ: ಹೆಸರನ್ನು ಕೈಯಿಂದ ಮುಚ್ಚಿ ಊರವರೊಬ್ಬರಿಗೆ ಓದಿಸಬೇಕು. ಯಾರ ಕಲ್ಲು ಅಂತ ಅವರಿಗೆ ಗುರುತು ಹತ್ತಬೇಕು.

ಅಳತೆಗೆ, ಅಕ್ಷರದ ಲೆಕ್ಕಕ್ಕೆ ಅನುಕೂಲವಾಗಲೆಂದು ಮೂರು ಸಾಲು ಕಟ್ಟಿಕೊಳ್ಳೋಣ:

ಭೀಮಿ ದಂಡಿ ಹೊಲ, ಹೊಲದಾಗ ಬೇವು.
ಬೇವಿನ ನೆರಳಿಗಿ ಅಪ್ಪನ ಹೆಸರು.
ಕರದರ ಗಾಳಿ ಓ ಅಂತದ.

ಇದರಲ್ಲಿ ಊರಿನ ಹೆಸರೇ ಇಲ್ಲ, ನದಿ ಇದೆ. ನದಿ ಸಾಕು. ಕಾಗಿಣಾ ದಂಡೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದಲ್ಲಿ, 9ನೇ ಶತಮಾನದಲ್ಲಿ, ಕವಿರಾಜಮಾರ್ಗ ಇಡೀ ಕನ್ನಡ ನಾಡಿನ ಗಡಿ ಹೇಳಿದ್ದು ಕಾವೇರಿ, ಗೋದಾವರಿ ಎಂಬ ಎರಡು ನದಿಗಳ ಹೆಸರಿನಿಂದ. ತಾಲೂಕು ಒಡೆಯುತ್ತದೆ, ಜಿಲ್ಲೆ ಬೇರೆಯಾಗುತ್ತದೆ. 2009ರ ಕೊನೆಯವರೆಗೂ ಯಾದಗಿರಿ ಕಲಬುರಗಿ ಜಿಲ್ಲೆಯೊಳಗೇ ಇತ್ತು, ಕಲಬುರಗಿಯ ಹೆಸರೂ ಕಾಗದಪತ್ರದಲ್ಲಿ 2014ರವರೆಗೆ ಗುಲ್ಬರ್ಗಾ. ಭೀಮೆಯ ಹೆಸರು ಅಷ್ಟು ಬೇಗ ಬದಲಾಗುವುದಿಲ್ಲ. ಎರಡನೇ ಸಾಲು ಗಿಡಕ್ಕೆ ಮನುಷ್ಯನ ಹೆಸರು ಅಂಟುವ ಬಗೆಯದು. ಮೂರನೆಯದರಲ್ಲಿ ಕಾಲದ ಕೆಲಸವನ್ನು ಒಂದು ಕ್ರಿಯಾಪದ ಮಾಡುತ್ತಿದೆ. "ಇದ್ದರು, ಬಾಳಿದರು" ಎಂದು ಬರೆದ ಕಲ್ಲು ಓದುವವನಿಗೆ ಮುಗಿದುಹೋದ ಸುದ್ದಿ ಹೇಳುತ್ತದೆ. "ಅಂತದ" ಎಂದರೆ ಇವತ್ತು ಓದಿದರೂ ಇವತ್ತೇ, ಮೊಮ್ಮಗ ಓದಿದರೂ ಅವತ್ತೇ.

ಇಂಥ ಸಾಲು ಕೊಟ್ಟಾಗ ಅಂಗಡಿಯ ಟೈಪಿಸ್ಟ್ ಮೊದಲು ಮಾಡುವ ಕೆಲಸ ಅದನ್ನು ತಿದ್ದುವುದು. "ಹೊಲದಾಗ" ಹೋಗಿ "ಹೊಲದಲ್ಲಿ" ಬರುತ್ತದೆ, "ಅಂತದ" ಹೋಗಿ "ಎನ್ನುತ್ತದೆ" ಬರುತ್ತದೆ. ಬಿಡಬಾರದು. ಮೂರನೇ ಸಾಲಿನಲ್ಲಿ ಇರುವುದು 10 ಅಕ್ಷರ, ಒಂದೂ ಒತ್ತಿಲ್ಲ. ತಿದ್ದಿದ ಮೇಲೆ "ಕರೆದರೆ ಗಾಳಿ ಓ ಎನ್ನುತ್ತದೆ", 11 ಅಕ್ಷರ, ಎರಡು ಒತ್ತು. ದುಡ್ಡೂ ಹೆಚ್ಚು, ಮೇಲಾಗಿ ಮನೆಯಲ್ಲಿ ಯಾರೂ ಹಾಗೆ ಮಾತಾಡಿದವರಲ್ಲ.

ಸ್ವಂತ ಸಾಲು ಬೇಡ, ಶರಣರ ವಚನವೇ ಇರಲಿ ಎನ್ನುವವರು ಬಹಳ. ಒಳ್ಳೆಯದೇ, ಆದರೆ ಪಾಠವನ್ನು ವಾಟ್ಸಾಪಿನಿಂದ ಎತ್ತಬಾರದು. ಬಸವಣ್ಣನವರ ಹೆಸರಲ್ಲಿ ಓಡಾಡುವ ಎಷ್ಟೋ ಸಾಲು ನಿನ್ನೆ ಮೊನ್ನೆಯವು. ಕರ್ನಾಟಕ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಹುಡುಕಿ, ಆ ಪುಟದ ಝೆರಾಕ್ಸ್ ಅಂಗಡಿಗೆ ಕೊಡಬೇಕು. ಇನ್ನೊಂದು, ಜಾಗ ಸಾಲದಾಗ ಅಂಗಡಿಯವರು ಕೊನೆಯ ಪದಕ್ಕೆ ಕತ್ತರಿ ಹಾಕಲು ನೋಡುತ್ತಾರೆ. ಕೊನೆಯ ಪದ ಅಂದರೆ ಅಂಕಿತ. ವಚನದಲ್ಲಿ ಊರು, ಗುರುತು, ಪರಂಪರೆ ಮೂರೂ ಕೂಡಿರುವುದು ಅಲ್ಲೇ. ಹೆಚ್ಚಿನ ವಚನಕಾರರು ತಮ್ಮ ಹೆಸರು ಹಾಕಲಿಲ್ಲ, ತಮ್ಮ ದೇವರ ಹೆಸರು ಹಾಕಿದರು. ಕೃಷ್ಣೆ, ಮಲಪ್ರಭೆ ಕೂಡುವ ಜಾಗ ಬಸವಣ್ಣನವರ ಅಂಕಿತದಲ್ಲೇ ಕೂತಿದೆ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನವರು ರಾಮನಾಥ ಎಂದರೆ ಅದು ಅವರ ಊರಿನ ಗುಡಿ. ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಕೊನೆಗೆ ಗುರು ಮಹಾಂತನ ಹೆಸರು ಬರುತ್ತದೆ. ಅಂಕಿತ ತೆಗೆದ ವಚನ ವಿಳಾಸವಿಲ್ಲದ ಕಾಗದ. ಜಾಗದ ಚಿಂತೆ ಇದ್ದವರು ಮೊದಲೇ ಎಣಿಸಿಕೊಳ್ಳಬೇಕು: ಕೂಡಲಸಂಗಮದೇವ 8 ಅಕ್ಷರ, ಚೆನ್ನಮಲ್ಲಿಕಾರ್ಜುನ 7, ಆದರೆ ಎರಡು ಒತ್ತು, ಒಂದು ಅರ್ಕಾವತ್ತು, ರಾಮನಾಥ ನಾಲ್ಕೇ. ಸಣ್ಣ ಕಲ್ಲಿಗೆ ದಾಸಿಮಯ್ಯ ಹೊಂದುತ್ತಾರೆ, ಅವರ ವಚನಗಳೂ ಗಿಡ್ಡ.

ಹೆಸರು ಬರೆಯುವ ಕ್ರಮದಲ್ಲೂ ಅಂಗಡಿಯದು ಕಾಗದಪತ್ರದ ರೂಢಿ: "ತಂ." ಅಂದರೆ ತಂದೆ, "ಗಂ." ಅಂದರೆ ಗಂಡ. ಗಂಡಸರಿಗೆ ಇದು ನಡೆಯುತ್ತದೆ, ಹೆಂಗಸರಿಗೆ ಅರ್ಧ ಬದುಕು ಬಿಟ್ಟುಹೋಗುತ್ತದೆ. ತವರೂರಿನ ಹೆಸರು ಪದ್ಯದೊಳಗೆ ಬರುವ ಹಾಗೆ ನೋಡಿಕೊಂಡರೆ ಆ ಕೊರತೆ ನೀಗುತ್ತದೆ. ಇನಿಶಿಯಲ್ಲು ಬೇಡವೇ ಬೇಡ. "ಎಸ್.ಬಿ." ಯಾರು ಅಂತ ಐವತ್ತು ವರ್ಷದ ಮೇಲೆ ಹೇಳುವವರು ಯಾರು?

ದಿನಾಂಕದ ವಿಷಯ ಸಣ್ಣದಾಗಿ ಕಾಣುತ್ತದೆ, ಸಣ್ಣದಲ್ಲ. ಸಂವತ್ಸರದ ಹೆಸರೊಂದನ್ನೇ ಹಾಕಿಸುವವರಿದ್ದಾರೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಶ್ವಾವಸು ಎಂದಷ್ಟೇ ಬರೆದರೆ 1965ರ ಯುಗಾದಿಯಿಂದ ಶುರುವಾದ ವರ್ಷವೋ 2025ರದೋ ಮೊಮ್ಮಕ್ಕಳು ಜಗಳಾಡಬೇಕು. ಜೊತೆಗೆ ಇಸವಿ ಇರಲಿ. ಶಕ ವರ್ಷ ಬೇಕೆನ್ನುವವರು ಯುಗಾದಿಯ ನಂತರದ ಇಸವಿಯಿಂದ 78 ಕಳೆಯಬೇಕು, ಯುಗಾದಿಗೆ ಮುಂಚಿನ ತಿಂಗಳುಗಳಿಗೆ 79. ಅಂಗಡಿಯವರು ಈ ಕೊನೆಯ ಭಾಗ ಮರೆಯುತ್ತಾರೆ. ಜನವರಿಯಲ್ಲಿ ತೀರಿಕೊಂಡವರ ಕಲ್ಲಿನಲ್ಲಿ ಒಂದು ವರ್ಷ ಮುಂದೆ ಬಿದ್ದಿರುತ್ತದೆ.

ಉರ್ದು ಕತ್ಬಾಗಳೂ, ಅಂದರೆ ಗೋರಿಯ ಮೇಲಿನ ಬರಹದ ಕಲ್ಲುಗಳೂ, ಇಲ್ಲಿ ಆಗುತ್ತವೆ. ಬರಹವನ್ನು ಹೊರಗಿನ ಕಾತಿಬರಿಂದ (ಅಂದವಾಗಿ ಅಕ್ಷರ ಬರೆಯುವವರಿಂದ) ಬರೆಸಿ ತರುತ್ತಾರೆ, ಅಂಗಡಿಯದು ಕೆತ್ತನೆ ಮಾತ್ರ. ಈ ಸಂಪ್ರದಾಯದಲ್ಲಿ ಕಾಲವನ್ನು ಪದ್ಯದೊಳಗೇ ಬಚ್ಚಿಡುವ ಒಂದು ವಿದ್ಯೆ ಇದೆ. ಪ್ರತಿ ಅಕ್ಷರಕ್ಕೆ ಒಂದು ಸಂಖ್ಯೆ, ಮಾತು ಕೂಡಿಸಿದರೆ ವರ್ಷ ಬರಬೇಕು. ನಮ್ಮೂರಿನ ಖಾಜಾ ಬಂದೇ ನವಾಜ್ ಅವರ ನಿಧನದ ವರ್ಷಕ್ಕೆ ಹೇಳುವ ಮಾತು "ಮಖ್ದೂಮೆ ದೀನೊ ದುನಿಯಾ". ಮೀಮ್ 40, ಖೇ 600, ದಾಲ್ 4, ವಾವ್ 6, ಮೀಮ್ 40, ಒಟ್ಟು 690. ದೀನ್ 64. ನಡುವಿನ ವಾವ್ 6. ದುನಿಯಾ 65. ಕೂಡಿಸಿದರೆ 825, ಹಿಜರಿ ವರ್ಷ. ಇಸವಿಯಲ್ಲಿ 1422. ಈಗ ಅಪಾಯ ನೋಡಿ: ಖೇ ಅಕ್ಷರದ ಮೇಲಿನ ಒಂದು ಚುಕ್ಕೆ ಬಿಟ್ಟುಹೋದರೆ ಅದು ಹೇ ಆಗುತ್ತದೆ, ಅದರ ಬೆಲೆ 8. ಒಂದೇ ಚುಕ್ಕೆಗೆ 592 ವರ್ಷ ಹೋಯಿತು. ಮರಳು ಹೊಡೆದು ಕೊರೆಯುವ ಸ್ಯಾಂಡ್ ಬ್ಲಾಸ್ಟಿಂಗಿನಲ್ಲಿ ಚುಕ್ಕೆಯೇ ಮೊದಲು ಕೈಕೊಡುವುದು. ಇಂಥ ಪದ್ಯವಿದ್ದರೆ ಕೈ ಕೆತ್ತನೆಯನ್ನೇ ಕೇಳಬೇಕು.

ಇನ್ನು ಅಂಗಡಿಗೆ ಅರ್ಧ ಅಂಕ ಬಂದ ಕಡೆ. ಕಂಪ್ಯೂಟರಿನಲ್ಲಿರುವುದು ಹಳೆಯ ಕೋರೆಲ್‌ಡ್ರಾ, ನುಡಿ ಫಾಂಟು. ಗಿರಾಕಿ ಕಳಿಸುವುದು ಮೊಬೈಲಿನ ಯುನಿಕೋಡ್. ಎರಡರ ನಡುವೆ ಒಂದು ಕನ್ವರ್ಟರ್ ಕೂತಿದೆ, ಪದ್ಯ ಕೆಡುವುದು ಅಲ್ಲಿ. ಅರ್ಕಾವತ್ತು ಮುಂದಿನ ಅಕ್ಷರಕ್ಕೆ ಜಿಗಿಯುತ್ತದೆ. "ಸ್ತ್ರ", "ಷ್ಟ್ರ" ಥರದ ಎರಡು ಒತ್ತಿನಲ್ಲಿ ಕೆಳಗಿನದು ಕಳಚುತ್ತದೆ. ಓಕಾರದ ದೀರ್ಘ ಅಕ್ಷರದಿಂದ ದೂರ ನಿಲ್ಲುತ್ತದೆ. ಕನ್ವರ್ಟ್ ಮಾಡಬೇಡಿ, ಹೊಸದಾಗಿ ಟೈಪ್ ಮಾಡಿ ಎಂದು ಚೀಟಿಯ ಮೇಲೆಯೇ ಬರೆಸಬೇಕು. ಮೂರು ಸಾಲಿಗೆ ಐದು ನಿಮಿಷದ ಕೆಲಸ.

ಅಕ್ಷರದ ದಪ್ಪವನ್ನೂ ಕೇಳಿ ನಿರ್ಧರಿಸಬೇಕು. ಅಂಗಡಿ ತಾನಾಗಿ ಹಾಕುವುದು ಬೋಲ್ಡ್, ದೂರಕ್ಕೆ ಕಾಣಲಿ ಅಂತ. ಕನ್ನಡದಲ್ಲಿ ಬ ಮತ್ತು ಭ, ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಮುಖ್ಯವಾಗಿ ಅಡಿಯ ಒಂದು ಸಣ್ಣ ಸೀಳಿನಿಂದ. ಗೆರೆ ದಪ್ಪವಾದರೆ ಸೀಳು ಮುಚ್ಚಿಕೊಳ್ಳುತ್ತದೆ, ಭೀಮೆ ಬೀಮೆಯಾಗುತ್ತಾಳೆ. ಅನುಸ್ವಾರದ ಸೊನ್ನೆಯಲ್ಲಿ ನಡುವೆ ಉಳಿಯಬೇಕಾದ ಕಲ್ಲಿನ ಬಿಲ್ಲೆ 4 ಮಿಲಿಮೀಟರಿಗಿಂತ ಸಣ್ಣದಾದರೆ ಎಗರಿಹೋಗಿ ಬರೀ ಗುಂಡಿ ಉಳಿಯುತ್ತದೆ. ಒಂದು ಇಂಚಿನ ಅಕ್ಷರಕ್ಕೆ 3 ಮಿಲಿಮೀಟರಿನ ಗೆರೆ ಸರಿಯಾದ ಅಳತೆ.

ಅಳತೆಯ ಲೆಕ್ಕ ಹೀಗೆ. ಮೇಲಿನ ಮೂರು ಸಾಲಿನಲ್ಲಿ ಉದ್ದದ್ದು ಎರಡನೆಯದು, 13 ಅಕ್ಷರ. ಒಂದು ಇಂಚು ಎತ್ತರದ ಅಕ್ಷರಕ್ಕೆ ಸಂದು ಸೇರಿ 1.2 ಇಂಚು ಅಗಲ ಹಿಡಿದರೆ 15.6, ಪದಗಳ ನಡುವಿನ ಜಾಗ ಸೇರಿ ಸುಮಾರು 17 ಇಂಚು. ಎರಡೂ ಕಡೆ ಮೂರೂವರೆ ಇಂಚು ಅಂಚು ಬಿಟ್ಟರೆ 24 ಇಂಚಿನ ಕಲ್ಲು ಬೇಕು. ಸಾಲಿನಿಂದ ಸಾಲಿಗೆ ಎರಡೂಕಾಲು ಇಂಚು ಇರಲೇಬೇಕು, ಯಾಕೆಂದರೆ ಮೇಲಿನ ಸಾಲಿನ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ. ಇಂಗ್ಲಿಷ್ ಬೋರ್ಡಿನ ಅಂತರದಲ್ಲಿ ಕನ್ನಡ ಹೊಂದಿಸಿದರೆ "ಅಪ್ಪ"ನ ಒತ್ತು ಕೆಳಗಿನ ಸಾಲಿನ ತಲೆ ಮುಟ್ಟುತ್ತದೆ. ಹೆಸರು, ಊರು, ದಿನಾಂಕ ಸೇರಿ 18 ಇಂಚು ಎತ್ತರ ಸಾಕು.

ಕೆತ್ತುವ ಮೊದಲು ಅಷ್ಟೇ ಅಳತೆಯ ಕಾಗದದ ಪ್ರಿಂಟು ಕೇಳಬೇಕು. ಕೇಳಿದರೆ ಕೊಡುತ್ತಾರೆ, ತಾವಾಗಿ ಕೊಡುವುದಿಲ್ಲ. ಗೋಡೆಗೆ ಅಂಟಿಸಿ ಹತ್ತು ಅಡಿ ದೂರ ನಿಂತು ಓದಬೇಕು. ಆಮೇಲೆ ಕೊನೆಯ ಅಕ್ಷರದಿಂದ ಹಿಂದಕ್ಕೆ ಒಂದೊಂದೇ ಅಕ್ಷರ. ಅರ್ಥ ಹಿಡಿದು ಓದಿದರೆ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ದಾಟಿಬಿಡುತ್ತದೆ.

ಕಲ್ಲಿನ ವಿಷಯದಲ್ಲಿ ಈ ಅಂಗಡಿಗೆ ಕೈಮುಗಿಯಬೇಕು. ಶಹಾಬಾದ್ ಫರಸಿ ಸುಣ್ಣಕಲ್ಲು, ಪದರು ಪದರಾಗಿ ಕೂತದ್ದು, ಆ ಪದರು ಹಿಡಿದೇ ಸೀಳುತ್ತಾರೆ. ಗ್ರಾನೈಟಿಗಿಂತ ಬಹಳ ಮೆತ್ತಗೆ, ಹಾಗಾಗಿ ಚಾಣಕ್ಕೆ (ಉಳಿಗೆ) ಒಗ್ಗುತ್ತದೆ. ಬೀದರಿನವರೂ ಇಲ್ಲಿಗೆ ಬರಲು ಕಾರಣವಿದೆ: ಅಲ್ಲಿನ ಕೆಂಪು ಜಂಬಿಟ್ಟಿಗೆಯಲ್ಲಿ ರಂಧ್ರಗಳೇ ಹೆಚ್ಚು, ಸಣ್ಣ ಅಕ್ಷರ ನಿಲ್ಲುವುದಿಲ್ಲ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದು ಕರಿಕಲ್ಲಿನಲ್ಲಿ. ಅಂಗಡಿಯ ಹಿರಿಯ ಕಲ್ಲುಕುಟಿಗರು, ಎಲ್ಲರೂ ಕಾಕಾ ಎನ್ನುವವರು, ಮೊದಲು ಕಲ್ಲನ್ನು ಸುತ್ತಿಗೆಯ ಹಿಂಬದಿಯಿಂದ ಬಡಿದು ಕೇಳಿಸುತ್ತಾರೆ. ಠಣ್ ಅಂದರೆ ಗಟ್ಟಿ, ಬದ ಅಂದರೆ ಒಳಗೆ ಪದರು ಬಿಟ್ಟಿದೆ. ಆಮೇಲೆ ಒಂದು ತಂಬಿಗೆ ನೀರು ಸುರಿದು ಕಾಯುತ್ತಾರೆ. ಮೇಲ್ಮೈ ಒಣಗಿದ ಮೇಲೂ ಕಪ್ಪಗೆ ಉಳಿದ ಎಳೆ ಕಂಡರೆ ಅದು ಬಿರುಕು, ಆ ಕಲ್ಲು ಬದಿಗೆ. "ಇದು ಮೂರ್ ಮಳಿಗಾಲ ತಡೆಯಂಗಿಲ್ರಿ, ಬ್ಯಾಡ" ಎಂದು ಮಾರಾಟ ಕೈಬಿಡುವ ಅಂಗಡಿಗಳು ಎಷ್ಟಿವೆ?

ದಪ್ಪ ಎರಡು ಇಂಚಿಗೆ ಕಡಿಮೆ ಬೇಡ. 24 ಇಂಚು ಅಗಲ, 18 ಎತ್ತರ, 2 ದಪ್ಪದ ಕಲ್ಲು ಸುಮಾರು 38 ಕಿಲೋ ತೂಗುತ್ತದೆ. ಟೆಂಪೊದಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಗೋಣಿಚೀಲ ಕೊಟ್ಟು ಕಟ್ಟಬೇಕು. ಮಲಗಿಸಿ ಒಯ್ದರೆ ಮೊದಲ ಗುಂಡಿಗೆ ನಡುವೆ ಮುರಿಯುತ್ತದೆ.

ಕೆತ್ತನೆ ಎರಡು ಬಗೆ. ಸ್ಯಾಂಡ್ ಬ್ಲಾಸ್ಟಿಂಗಿನಲ್ಲಿ ರಬ್ಬರ್ ಸ್ಟಿಕರ್ ಅಂಟಿಸಿ ಮರಳು ಹೊಡೆಯುತ್ತಾರೆ. ಒಂದು ದಿನದ ಕೆಲಸ, ಆಳ ಒಂದೂವರೆ ಮಿಲಿಮೀಟರ್ ಆಸುಪಾಸು. ಒರಟು ಫರಸಿಗೆ ಸ್ಟಿಕರ್ ಸರಿಯಾಗಿ ಕೂರುವುದಿಲ್ಲ, ಅಂಚು ಒಡಕಾಗುತ್ತದೆ. ಮೊದಲು ತಿಕ್ಕಿಸಿ ನುಣುಪು ಮಾಡಿಸಬೇಕು. ಕೈ ಕೆತ್ತನೆಯಲ್ಲಿ ಕಾಕಾ ಎರಡೂ ಕಡೆಯಿಂದ ಓರೆಯಾಗಿ ಚಾಣ ಹಿಡಿದು, ಅಡಿಯಲ್ಲಿ ಚೂಪಾಗಿ ಸೇರುವ ಕಾಲುವೆ ತೆಗೆಯುತ್ತಾರೆ, ನಾಲ್ಕು ಮಿಲಿಮೀಟರ್ ಆಳ. ಮೇಲಿನ ಪದ್ಯದ 35 ಅಕ್ಷರಕ್ಕೆ ಮೂರು ದಿನ. ಆ ಓರೆ ಕಾಲುವೆಯ ಒಂದು ದಂಡೆಗೆ ಬಿಸಿಲು, ಇನ್ನೊಂದಕ್ಕೆ ನೆರಳು ಬೀಳುವುದರಿಂದ ಬಣ್ಣವಿಲ್ಲದೆಯೇ ಅಕ್ಷರ ಓದಿಸಿಕೊಳ್ಳುತ್ತದೆ. ಅದಕ್ಕೇ ಕಲ್ಲಿನ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇರಬೇಕು. ಉತ್ತರಕ್ಕೆ ನಿಲ್ಲಿಸಿದರೆ ವರ್ಷದ ಬಹುಪಾಲು ಸಪ್ಪೆ. ಕಪ್ಪು ಎನಾಮಲ್ ತುಂಬಿಸುವುದನ್ನು ಬೇಡ ಎನ್ನಬಹುದು. ಕಲಬುರಗಿಯ ಬೇಸಿಗೆ ಅದನ್ನು ಸುಲಿಯುತ್ತದೆ, ಅರ್ಧ ಉದುರಿದ ಬಣ್ಣದಲ್ಲಿ ಪದ್ಯ ತೊನ್ನು ಹತ್ತಿದಂತೆ ಕಾಣುತ್ತದೆ. ಬಂಗಾರದ ಬಣ್ಣದ ಬಗ್ಗೆ ಮಾತೇ ಬೇಡ.

ನಿಲ್ಲಿಸುವಾಗ ಗಮನ ಇಡಬೇಕಾದ್ದು ಪದರಿನ ದಿಕ್ಕು. ಫರಸಿಯನ್ನು ನಿಲ್ಲಿಸಿದರೆ ಪದರುಗಳು ಪುಸ್ತಕದ ಹಾಳೆಯಂತೆ ನಿಂತಿರುತ್ತವೆ, ನೀರು ಬುಡದಿಂದ ಏರಿದರೆ ಮೊದಲ ಹಾಳೆ, ಅಂದರೆ ಪದ್ಯವಿರುವ ಹಾಳೆಯೇ, ಏಳುತ್ತದೆ. ಮಣ್ಣಲ್ಲಿ ನೇರ ಹೂಳಬಾರದು. ಆರು ಇಂಚಿನ ಕಟ್ಟೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಕಲ್ಲು. ಅಂಗಡಿಯ ಹುಡುಗರು ಪ್ಲಾಸ್ಟಿಕ್ ಬಿಟ್ಟು ಸಿಮೆಂಟಿನಲ್ಲಿ ಕೂರಿಸಿ ಹೊರಟುಬಿಡುತ್ತಾರೆ, ಮುಂದೆ ನಿಂತೇ ಮಾಡಿಸಬೇಕು. ಪುಣ್ಯತಿಥಿಗೆ ತೊಳೆಯುವಾಗ ಬರೀ ನೀರು, ಮೆತ್ತನೆ ಬ್ರಷ್. ನಿಂಬೆಹಣ್ಣು, ಹುಣಸೆಹಣ್ಣು, ಬಾತ್‌ರೂಮ್ ಆಸಿಡ್ ಯಾವುದೂ ಕೂಡದು, ಸುಣ್ಣಕಲ್ಲು ಹುಳಿಗೆ ಕರಗುತ್ತದೆ. ವಿಭೂತಿಯಿಂದ ತೊಂದರೆಯಿಲ್ಲ, ಎಣ್ಣೆ ಕಲೆ ಮಾತ್ರ ಹೋಗುವುದಿಲ್ಲ.

ದರದಲ್ಲಿ ಮುಚ್ಚುಮರೆ ಇದೆ. ಕಲ್ಲಿಗೆ ಚದರಡಿ ಲೆಕ್ಕ, ಕೆತ್ತನೆಗೆ ಅಕ್ಷರದ ಲೆಕ್ಕ. ಒತ್ತಕ್ಷರವನ್ನು ಒಂದು ಎಂದು ಎಣಿಸುತ್ತಾರೋ ಎರಡೋ ಎಂಬುದನ್ನು ಬಿಲ್ಲಿನ ಹೊತ್ತಿಗೆ ಹೇಳುತ್ತಾರೆ. ಮುಂಗಡ ಕೊಡುವ ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಇನ್ನೊಂದು ಸಿಟ್ಟು ಬರಿಸುವ ಸಂಗತಿ: ಬೇಡವೆನ್ನದಿದ್ದರೆ ಕಲ್ಲಿನ ಕೆಳಮೂಲೆಯಲ್ಲಿ ಅಂಗಡಿಯ ಮೊಬೈಲ್ ನಂಬರ್ ಹೊಡೆಯುತ್ತಾರೆ. ಹಳೆಯ ಶಾಸನಗಳ ಕೊನೆಗೆ ಬರೆದ ಕವಿಯ ಹೆಸರು, ಕಂಡರಿಸಿದವನ ಹೆಸರು ಇರುವುದುಂಟು. ಆ ಜಾಗಕ್ಕೆ ಕಾಕಾನ ಹೆಸರು ಹಾಕಿಸಿದರೆ ಚೆಂದ, ಅವರು ನಾಚಿಕೊಂಡರೂ ಬಿಡದೆ.

ತಪ್ಪು ಬಿದ್ದರೆ? ಒಂದು ಅಕ್ಷರಕ್ಕಾಗಿ ಇಡೀ ಮುಖವನ್ನು ನಾಲ್ಕು ಮಿಲಿಮೀಟರ್ ತಿಕ್ಕಿ ತೆಗೆಯಬೇಕು, ಅದಕ್ಕೆ ಹೊಸ ಕಲ್ಲಿನಷ್ಟೇ ಖರ್ಚು. ಎಪಾಕ್ಸಿ ತುಂಬಿ ಮೇಲೆ ಕೆತ್ತುವುದು ಬಿಸಿಲಿಗೆ ಹಳದಿಯಾಗಿ ಗುಟ್ಟು ಹೇಳುತ್ತದೆ. ಅಂಗಡಿ ಮಾಡುವುದು ಕಲ್ಲನ್ನು ಮಗುಚಿ ಹಿಂಬದಿಗೆ ಮತ್ತೆ ಕೆತ್ತುವುದು, ಕೂಲಿ ಯಾರದು ಎಂಬುದು ಪ್ರಿಂಟಿಗೆ ಯಾರು ಸಹಿ ಹಾಕಿದ್ದರು ಎಂಬುದರ ಮೇಲೆ. ಎರಡೂ ಮಗ್ಗುಲು ಬರೆಸಿಕೊಂಡ ಕಲ್ಲು ಈ ಸೀಮೆಗೆ ಹೊಸದಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನವಿರುವ ಹಾಸುಗಲ್ಲು ಎರಡೂ ಕಡೆ ಅಕ್ಷರ ಹೊತ್ತು, ಗುಡಿಯ ಮೂರ್ತಿಗೆ ಪೀಠವಾಗಿ ಮಲಗಿತ್ತು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದು ಅಷ್ಟು ಅಕ್ಷರ ಹೋಗಿತ್ತು. ಚಾವಣಿ ಕುಸಿದ ಮೇಲೆ, 1986ರಲ್ಲಿ, ಅದು ಬೆಳಕಿಗೆ ಬಂತು. ಈ ಅಂಗಡಿಯ ಹಿತ್ತಲಿಗೆ ಹೋಗುವ ಮೂರು ಮೆಟ್ಟಿಲೂ ಹಾಳಾದ ಕಲ್ಲಿನವೇ, ಅಕ್ಷರ ಕೆಳಮುಖ ಮಾಡಿ ಹಾಸಿದ್ದಾರೆ. ನಡುವಿನದೊಂದನ್ನು ಮಾತ್ರ ಯಾರೋ ಮೇಲ್ಮುಖವಾಗಿ ಇಟ್ಟಿದ್ದಾರೆ, "ಬೀಮರಾಯ" ಎಂದು ಓದಬಹುದು.